ಹಳೆಯ ಸ್ಕೋಪಿಗೊಂದು ಸೊನ್ನೆಯ ತಡೆ

ಇವತ್ತಿನ ಮಾತು ಒಂದು ಸಣ್ಣ ಹಿತ್ತಾಳೆ ಬಿಲ್ಲೆಯ ಬಗ್ಗೆ. ಅದು ಉಂಗುರದಂತೆ ನಡುವೆ ತೂತಿರುವ ಬಿಲ್ಲೆ. ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಕೆಲಸಗಾರರು ಇದನ್ನು ಶಿಮ್ ಎನ್ನುತ್ತಾರೆ. ಹಳೆಯ ರೈಫಲ್ ಸ್ಕೋಪಿನ ಮೇಲೊಂದು ನಾಬ್ ಇರುತ್ತದಲ್ಲ, ಅದರ ಕೆಳಗೆ ಇಂಥ ಕೆಲವು ಬಿಲ್ಲೆಗಳನ್ನು ಕೂರಿಸುತ್ತಾರೆ. ಆಮೇಲೆ ಆ ನಾಬ್ ಒಂದು ಜಾಗಕ್ಕಿಂತ ಕೆಳಕ್ಕೆ ತಿರುಗುವುದಿಲ್ಲ. ಆ ಜಾಗವೇ ಸೊನ್ನೆ. ಗುರಿಕಾರರು ಇದನ್ನು ಝೀರೋ ಸ್ಟಾಪ್ ಎಂದು ಕರೆಯುತ್ತಾರೆ. ನಾವು ಸೊನ್ನೆಯ ತಡೆ ಎನ್ನೋಣ.

ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಮನುಷ್ಯನ ಎಣಿಕೆ ತಪ್ಪುತ್ತದೆ. ದಣಿದಾಗ ತಪ್ಪುತ್ತದೆ, ಅವಸರದಲ್ಲಿ ತಪ್ಪುತ್ತದೆ, ಯಾರಾದರೂ ಮಾತನಾಡಿಸಿದರೆ ತಪ್ಪುತ್ತದೆ. ಸರಿಯಾಗಿ ಕೂರಿಸಿದ ಲೋಹದ ತಡೆ ಎಣಿಸುವುದೇ ಇಲ್ಲ. ಹಾಗಾಗಿ ಅದಕ್ಕೆ ಮರೆಯುವ ಪ್ರಶ್ನೆಯೂ ಇಲ್ಲ. ಎಣಿಕೆ ತಪ್ಪಿದರೆ ಇನ್ನೊಬ್ಬರಿಗೆ ಅಪಾಯವಾಗುವ ಕಡೆ ನೆನಪನ್ನು ನಂಬಿ ಕೂರಬಾರದು. ಅಲ್ಲೊಂದು ತಡೆ ಇಡಬೇಕು.

ಬಂದೂಕು ಎಂದ ಕೂಡಲೇ ಯುದ್ಧ, ಬೇಟೆ ನೆನಪಾಗುವುದು ಸಹಜ. ಈ ಮಾತು ಅವೆರಡಕ್ಕೂ ಸೇರಿದ್ದಲ್ಲ. ಇದು ಕಾಗದದ ಗುರಿಗೆ ಹೊಡೆಯುವ ಕ್ರೀಡೆಯ ಮಾತು. ನಮ್ಮ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ನೀವು ನೋಡಿರಬಹುದು, ಕೇಳಿಯಂತೂ ಇರುತ್ತೀರಿ. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದೂ ರೈಫಲ್ ಹಿಡಿದೇ. ಆದರೆ ಅವರ ಗುರಿ ಇದ್ದದ್ದು 10 ಮೀಟರ್ ದೂರದಲ್ಲಿ. ಆ ಸ್ಪರ್ಧೆಯಲ್ಲಿ ಸ್ಕೋಪಿಗೆ ಅವಕಾಶವೂ ಇಲ್ಲ. ತೆಂಗಿನಕಾಯಿಯ ಪಂದ್ಯದಲ್ಲೂ ಕಾಯಿ ಕಣ್ಣಳತೆಯಲ್ಲೇ ಇರುತ್ತದೆ. ದೂರ ಬದಲಾಗದ ಕಡೆ ನಾಬ್ ತಿರುಗಿಸುವ ಕೆಲಸವೇ ಬರುವುದಿಲ್ಲ.

ದೂರ ಬದಲಾಗುವ ಕಡೆ ಈ ತಡೆಯ ಕಥೆ ಶುರುವಾಗುತ್ತದೆ. ಅದನ್ನು ನೋಡಲು ಇಂಗ್ಲೆಂಡಿಗೆ ಹೋಗೋಣ. ಸರ್ರೆ ಸೀಮೆಯಲ್ಲಿ ಬಿಸ್ಲಿ ಎಂಬ ಊರಿದೆ. 1890ರಿಂದ ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಪಂದ್ಯಗಳು ಅಲ್ಲಿ ನಡೆಯುತ್ತಿವೆ. ಅದಕ್ಕೂ ಮೊದಲು, 1860ರಿಂದ, ಅವು ವಿಂಬಲ್ಡನ್ನಿನಲ್ಲಿ ನಡೆಯುತ್ತಿದ್ದವು. ಅಲ್ಲಿನ ಮೊದಲ ಗುಂಡನ್ನು ವಿಕ್ಟೋರಿಯಾ ರಾಣಿಯೇ ಹಾರಿಸಿದ್ದರು. ಬಿಸ್ಲಿಯ ದೊಡ್ಡ ಪಂದ್ಯದ ಮೊದಲ ಸುತ್ತಿನಲ್ಲಿ ಗುರಿ ಇರುವುದು 300, 500 ಮತ್ತು 600 ಗಜದಲ್ಲಿ. ಕೊನೆಯ ಸುತ್ತು 900 ಮತ್ತು 1000 ಗಜದಲ್ಲಿ. ಒಂದು ಗಜವೆಂದರೆ ಮೂರು ಅಡಿ, ಮೀಟರಿಗಿಂತ ಸ್ವಲ್ಪ ಕಡಿಮೆ. 1000 ಗಜವೆಂದರೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಎಂದುಕೊಳ್ಳಿ.

ಆ ದೊಡ್ಡ ಪಂದ್ಯದಲ್ಲಿ ಸ್ಕೋಪ್ ಬಳಸುವುದಿಲ್ಲ. ಸಣ್ಣ ರಂಧ್ರದ ಮೂಲಕ ನೋಡಿ ಗುರಿ ಹಿಡಿಯುತ್ತಾರೆ. ಆದರೆ ವಯಸ್ಸಾದಂತೆ ಕಣ್ಣು ಮಂಜಾಗುತ್ತದೆ. ಕೆನಡಾದ ಜಾರ್ಜ್ ಫಾರ್ಕರ್ಸನ್ ಎಂಬ ಹಿರಿಯ ಗುರಿಕಾರರು ಅಂಥವರಿಗಾಗಿ ಒಂದು ದಾರಿ ತೆರೆದರು. ಸ್ಕೋಪ್ ಹಾಕಿಕೊಳ್ಳಿ, ರೈಫಲಿಗೆ ಆಧಾರ ಕೊಡಿ, ಅದೇ ದೂರಕ್ಕೆ ಹೊಡೆಯಿರಿ ಎಂದರು. ಫಾರ್ಕರ್ಸನ್ ಎಂಬ ಅವರ ಮನೆತನದ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರದಿಂದ ಆ ವಿಭಾಗಕ್ಕೆ ಎಫ್ ಕ್ಲಾಸ್ ಎಂಬ ಹೆಸರು ಬಂತು. ಇಂದು ಅದು ಹಲವು ದೇಶಗಳಲ್ಲಿ ಇದೆ. ಹಳೆಯ ಸ್ಕೋಪುಗಳನ್ನು ಪ್ರೀತಿಯಿಂದ ಇಟ್ಟುಕೊಂಡು ಆಡುವವರೂ ಅಲ್ಲಿದ್ದಾರೆ. ನನ್ನ ಮಾತು ಅಂಥ ಸ್ಕೋಪುಗಳ ಬಗ್ಗೆ.

ಇಲ್ಲಿಯವರೆಗೆ ಹೇಳಿದ್ದಿಷ್ಟು. ಗುರಿಯ ದೂರ ಬದಲಾಗುವ ಕ್ರೀಡೆಯೊಂದಿದೆ. ಅಲ್ಲಿ ಸ್ಕೋಪಿನ ನಾಬನ್ನು ಮತ್ತೆ ಮತ್ತೆ ತಿರುಗಿಸಬೇಕು. ಯಾಕೆ ತಿರುಗಿಸಬೇಕು? ಅದನ್ನೀಗ ನೋಡೋಣ.

ಗುಂಡು ನೇರವಾಗಿ ಹೋಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೆ ಹೋಗುವುದಿಲ್ಲ. ನಳಿಗೆ ಬಿಟ್ಟ ಕ್ಷಣದಿಂದ ಭೂಮಿ ಅದನ್ನು ಎಳೆಯುತ್ತಲೇ ಇರುತ್ತದೆ. ಗಾಳಿ ಅದರ ವೇಗವನ್ನು ತಿನ್ನುತ್ತಲೇ ಇರುತ್ತದೆ. ಈ ಕ್ರೀಡೆಯಲ್ಲಿ ಸಾಮಾನ್ಯವಾಗಿ ಬಳಸುವ ಒಂದು ಗುಂಡನ್ನು ತೆಗೆದುಕೊಳ್ಳೋಣ. ತೂಕ ಸುಮಾರು 11 ಗ್ರಾಂ. ಹೊರಡುವಾಗ ವೇಗ ಸೆಕೆಂಡಿಗೆ ಸುಮಾರು 800 ಮೀಟರ್. 1000 ಗಜ ತಲುಪಲು ಅದಕ್ಕೆ ಒಂದೂವರೆ ಸೆಕೆಂಡಿಗೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಈಗ ರೈಫಲನ್ನು 100 ಗಜಕ್ಕೆ ಸರಿಯಾಗಿ ಹೊಂದಿಸಿ, ಏನೂ ಬದಲಿಸದೆ 1000 ಗಜದ ಗುರಿಗೆ ಹೊಡೆದರೆ, ಗುಂಡು ಗುರಿಗಿಂತ ಸುಮಾರು 10 ಮೀಟರ್ ಕೆಳಗೆ ಹೋಗಿರುತ್ತದೆ. ಮೂರು ಮಹಡಿಯ ಎತ್ತರ ಅದು.

ಆದ್ದರಿಂದ ನಳಿಗೆಯನ್ನು ಸ್ವಲ್ಪ ಮೇಲಕ್ಕೆ ಎತ್ತಬೇಕು. ಎಷ್ಟು ಎತ್ತಬೇಕು ಎಂಬುದನ್ನು ಕೋನದಲ್ಲಿ ಅಳೆಯುತ್ತಾರೆ. ಒಂದು ಡಿಗ್ರಿಯನ್ನು 60 ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ಮಿನಿಟ್. ಇದು ಗಡಿಯಾರದ ನಿಮಿಷವಲ್ಲ, ಕೋನದ ಮಿನಿಟ್. 100 ಗಜದಲ್ಲಿ ಒಂದು ಮಿನಿಟ್ ಎಂದರೆ ಸುಮಾರು ಒಂದು ಅಂಗುಲ. 1000 ಗಜದಲ್ಲಿ ಸುಮಾರು ಹತ್ತೂವರೆ ಅಂಗುಲ. ನಾನು ಹೇಳಿದ ಗುಂಡಿಗೆ 300 ಗಜದಲ್ಲಿ ಸುಮಾರು 5 ಮಿನಿಟ್ ಎತ್ತರಿಸಬೇಕು. 600 ಗಜದಲ್ಲಿ 15ರ ಆಸುಪಾಸು. 1000 ಗಜದಲ್ಲಿ 38ರ ಆಸುಪಾಸು. ಈ 38 ಎಂಬ ಅಂಕೆಯನ್ನು ನೆನಪಿಟ್ಟುಕೊಳ್ಳಿ.

ಸ್ಕೋಪಿನ ಮೇಲಿರುವ ನಾಬ್ ಈ ಕೆಲಸ ಮಾಡುತ್ತದೆ. ನೀವು ಅದನ್ನು ನೋಡಿಲ್ಲದಿದ್ದರೆ ಹೀಗೆ ಊಹಿಸಿಕೊಳ್ಳಿ. ಹೆಬ್ಬೆರಳಿನ ತುದಿಗಿಂತ ಸ್ವಲ್ಪ ದಪ್ಪನೆಯ ಲೋಹದ ಕೊಳವೆ. ಅದರ ಸುತ್ತ ಅಂಕೆಗಳನ್ನು ಕೆತ್ತಿರುತ್ತಾರೆ. ತಿರುಗಿಸಿದರೆ ಟಿಕ್ ಟಿಕ್ ಎಂದು ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತದೆ. ಒಂದು ಹೆಜ್ಜೆಗೆ ಒಂದು ಕ್ಲಿಕ್. ಹಳೆಯ ಒಂದು ಬಗೆಯ ಸ್ಕೋಪಿನಲ್ಲಿ ಒಂದು ಕ್ಲಿಕ್ಕಿಗೆ ಕಾಲು ಮಿನಿಟ್. ಒಂದು ಪೂರ್ತಿ ಸುತ್ತಿಗೆ 60 ಕ್ಲಿಕ್, ಅಂದರೆ 15 ಮಿನಿಟ್.

ತೊಂದರೆ ಹುಟ್ಟುವುದು ಇಲ್ಲೇ. 1000 ಗಜಕ್ಕೆ 38 ಮಿನಿಟ್ ಬೇಕು. ಒಂದು ಸುತ್ತಿಗೆ ಸಿಗುವುದು 15. ಹಾಗಾಗಿ ಎರಡು ಪೂರ್ತಿ ಸುತ್ತು, ಮೇಲೆ ಇನ್ನೂ 8 ಮಿನಿಟ್ ತಿರುಗಿಸಬೇಕು. ನಾಬಿನ ಮೇಲೆ ಕಾಣುವ ಅಂಕೆ 8. ಆದರೆ ಅದು ಮೊದಲ ಸುತ್ತಿನ 8 ಆಗಿರಬಹುದು, ಎರಡನೆಯದ್ದಾಗಿರಬಹುದು, ಮೂರನೆಯದ್ದೂ ಆಗಿರಬಹುದು. ಸೊನ್ನೆಯ ಗತಿಯೂ ಅದೇ. ಪ್ರತಿ ಸುತ್ತಿನಲ್ಲೂ ಒಂದು ಸೊನ್ನೆ ಬಂದು ಹೋಗುತ್ತದೆ. ಅವುಗಳಲ್ಲಿ ನಿಜವಾದ ಸೊನ್ನೆ, ಅಂದರೆ 100 ಗಜಕ್ಕೆ ಹೊಂದಿಸಿದ ಜಾಗ, ಒಂದೇ. ಉಳಿದವು ನೋಡಲು ಥೇಟ್ ಅದರಂತೆಯೇ ಇರುತ್ತವೆ.

ಮತ್ತೊಮ್ಮೆ ಒಟ್ಟು ಮಾಡುತ್ತೇನೆ. ದೂರಕ್ಕೆ ಹೊಡೆಯಲು ನಾಬನ್ನು ಹಲವು ಸುತ್ತು ತಿರುಗಿಸಬೇಕು. ನಾಬಿನ ಅಂಕೆ ಸುತ್ತಿನೊಳಗಿನ ಜಾಗವನ್ನು ಹೇಳುತ್ತದೆ, ಯಾವ ಸುತ್ತು ಎಂಬುದನ್ನು ಹೇಳುವುದಿಲ್ಲ. ಒಂದು ಸುತ್ತು ತಪ್ಪಿದರೆ ಏನಾಗುತ್ತದೆ? ಅದು ಮುಂದಿನ ಪ್ರಶ್ನೆ.

ಒಂದು ಸುತ್ತು ಎಂದರೆ 15 ಮಿನಿಟ್. 100 ಗಜದಲ್ಲಿ ಅದು ಸುಮಾರು 40 ಸೆಂಟಿಮೀಟರ್. 300 ಗಜದಲ್ಲಿ ಒಂದು ಮೀಟರಿಗೂ ಮಿಗಿಲು. 1000 ಗಜದಲ್ಲಿ 4 ಮೀಟರ್. ಎಫ್ ಕ್ಲಾಸಿನ ಅಮೆರಿಕದ ನಿಯಮದಂತೆ 1000 ಗಜದಲ್ಲಿ 10 ಅಂಕ ಕೊಡುವ ವೃತ್ತದ ಅಗಲ 10 ಅಂಗುಲ. 10 ಅಂಗುಲದ ವೃತ್ತ ಹುಡುಕುವವನಿಗೆ 4 ಮೀಟರಿನ ತಪ್ಪು ಸಣ್ಣದೇ?

ಅಂಕ ಹೋದರೆ ಹೋಗಲಿ. ನನಗೆ ಅದಕ್ಕಿಂತ ದೊಡ್ಡ ಕಳವಳ ಸುರಕ್ಷತೆಯದು. ಗುರಿಕಾರ ನಿನ್ನೆ 1000 ಗಜದಲ್ಲಿ ಆಡಿದ. ಸಂಜೆ ನಾಬನ್ನು ಹಿಂದಕ್ಕೆ ತಿರುಗಿಸಿದ. ಎರಡು ಸುತ್ತು ಇಳಿಸಬೇಕಿತ್ತು, ಒಂದೇ ಇಳಿಸಿದ. ಸೊನ್ನೆ ಕಂಡಿತು, ನಿಲ್ಲಿಸಿದ. ಇವತ್ತು 300 ಗಜದ ಗುರಿಯ ಮುಂದೆ ಮಲಗಿ ಹೊಡೆದರೆ ಗುಂಡು ಗುರಿಯ ಹಲಗೆಯ ಮೇಲಿಂದ ಹೋಗುತ್ತದೆ. ಹಲಗೆಯ ಹಿಂದೆ ಮಣ್ಣಿನ ದಿಬ್ಬ ಇರುತ್ತದೆ, ನಿಜ. ಆದರೆ ಗುಂಡು ಎಲ್ಲಿ ಬಿತ್ತೆಂದು ತಿಳಿಯದೆ ಇನ್ನೊಂದು ಹೊಡೆಯುವುದು ಯಾವ ರೇಂಜಿನಲ್ಲೂ ಒಪ್ಪುವ ಮಾತಲ್ಲ. ಉಲ್ಟಾ ತಪ್ಪೂ ಅಷ್ಟೇ ಕೆಟ್ಟದ್ದು. ಒಂದು ಸುತ್ತು ಕಡಿಮೆಯಾದರೆ ಗುಂಡು ಗುರಿಗಿಂತ ಮೊದಲೇ ನೆಲಕ್ಕೆ ಬಡಿಯಬಹುದು. ನೆಲಕ್ಕೆ ಬಡಿದ ಗುಂಡು ಪುಟಿದು ಎತ್ತ ಹೋಗುತ್ತದೆ ಎಂದು ಯಾರೂ ಹೇಳಲಾರರು.

ಹಾಗಾದರೆ ಹಳೆಯ ಸ್ಕೋಪ್ ಮಾಡಿದವರು ಇದನ್ನು ಯೋಚಿಸಲಿಲ್ಲವೇ? ಅವರು ದಡ್ಡರಲ್ಲ. ಅವರ ಕಾಲದ ಬಳಕೆ ಬೇರೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಜಾನ್ ಅನರ್ಟ್ಲ್ ಎಂಬುವರ ಕಂಪನಿ ಉದ್ದನೆಯ, ಸಣಕಲು ಸ್ಕೋಪುಗಳನ್ನು ಮಾಡುತ್ತಿತ್ತು. ಅವುಗಳಲ್ಲಿ ಹೊಂದಾಣಿಕೆಯ ತಿರುಪು ಸ್ಕೋಪಿನ ಒಳಗೆ ಇರಲಿಲ್ಲ, ಹೊರಗಿನ ಕೊಂಡಿಯಲ್ಲಿತ್ತು. ಯಂತ್ರಶಾಲೆಯ ಮೈಕ್ರೋಮೀಟರಿನಲ್ಲಿ ಇರುವಂತೆಯೇ ಅದರಲ್ಲಿ ಸುತ್ತುಗಳನ್ನು ತೋರಿಸುವ ಗೆರೆಗಳಿದ್ದವು. ಎಷ್ಟು ಸುತ್ತಾಯಿತೆಂದು ಓದಿಕೊಳ್ಳಬಹುದಿತ್ತು. ಆಮೇಲೆ ತಿರುಪು ಕೊಳವೆಯೊಳಗೆ ಸೇರಿತು. ಬೇಟೆಗಾರರು ಒಮ್ಮೆ ನಾಣ್ಯದ ಅಂಚಿನಿಂದ ತಿರುಪನ್ನು ಹೊಂದಿಸಿ, ಮೇಲೆ ಮುಚ್ಚಳ ಹಾಕಿ, ವರ್ಷಗಟ್ಟಲೆ ಮುಟ್ಟುತ್ತಿರಲಿಲ್ಲ. ಮುಟ್ಟದ ತಿರುಪಿಗೆ ತಡೆ ಯಾಕೆ ಬೇಕು? ದೂರದ ಗುರಿಯ ಆಟ ಬೆಳೆದು ದಿನವೂ ತಿರುಗಿಸುವ ಎತ್ತರದ ನಾಬ್ ಬಂದಾಗ ಈ ಕೊರತೆ ಎದ್ದು ಕಂಡಿತು. ಹೊಸ ಸ್ಕೋಪುಗಳಲ್ಲಿ ಹಲವಕ್ಕೆ ಈಗ ತಡೆ ಒಳಗೇ ಇರುತ್ತದೆ. ಹಳೆಯದಕ್ಕೆ ನಾವೇ ಕೊಡಬೇಕು.

ಈವರೆಗೆ ತಡೆ ಯಾಕೆ ಬೇಕೆಂದು ಹೇಳಿದೆ. ಅದು ಹಳೆಯ ಸ್ಕೋಪಿನಲ್ಲಿ ಯಾಕಿಲ್ಲ ಎಂದೂ ಹೇಳಿದೆ. ಇನ್ನು ತಡೆ ಹೇಗೆ ಕೆಲಸ ಮಾಡುತ್ತದೆ ಎಂದು ನೋಡೋಣ.

ನಿಮ್ಮ ಮನೆಯ ಹಳೆಯ ರೇಡಿಯೋ ನೆನಪಿಸಿಕೊಳ್ಳಿ. ಧ್ವನಿಯ ನಾಬನ್ನು ಹಿಂದಕ್ಕೆ ತಿರುಗಿಸುತ್ತಾ ಹೋದರೆ ಟಕ್ ಎಂದು ನಿಲ್ಲುತ್ತದೆ. ಕತ್ತಲಲ್ಲೂ ಕೈಗೆ ತಿಳಿಯುತ್ತದೆ. ಸ್ಕೋಪಿಗೂ ನಮಗೆ ಬೇಕಾದದ್ದು ಅದೇ. ಆದರೆ ಒಂದು ವ್ಯತ್ಯಾಸವಿದೆ. ರೇಡಿಯೋದ ನಾಬ್ ಒಂದು ಸುತ್ತಿನೊಳಗೇ ಮುಗಿಯುತ್ತದೆ. ಅದಕ್ಕೆ ಒಂದು ಗೂಟ ಅಡ್ಡ ಇಟ್ಟರೆ ಸಾಕು. ಸ್ಕೋಪಿನ ನಾಬಿಗೆ ಹಾಗೆ ಗೂಟ ಇಟ್ಟರೆ ಅದು ಪ್ರತಿ ಸುತ್ತಿನಲ್ಲೂ ಅಡ್ಡ ಬರುತ್ತದೆ. ಒಂದು ಸುತ್ತಿಗಿಂತ ಮೇಲೆ ಹೋಗಲಿಕ್ಕೇ ಆಗುವುದಿಲ್ಲ. ಮೂರು ಸುತ್ತು ಏರಲು ಬಿಡಬೇಕು, ಇಳಿಯುವಾಗ ಕೊನೆಯ ಸೊನ್ನೆಯಲ್ಲಿ ಮಾತ್ರ ಹಿಡಿಯಬೇಕು. ಇದು ಹೇಗೆ ಸಾಧ್ಯ?

ಉತ್ತರ ತಿರುಪಿನಲ್ಲೇ ಇದೆ. ತಿರುಪು ತಿರುಗುವುದಷ್ಟೇ ಅಲ್ಲ, ಏರುತ್ತದೆ, ಇಳಿಯುತ್ತದೆ. ಅನೇಕ ಹಳೆಯ ಸ್ಕೋಪುಗಳಲ್ಲಿ ನಾಬ್ ತಿರುಪಿಗೇ ಅಂಟಿಕೊಂಡಿರುತ್ತದೆ. ಮಿನಿಟ್ ಏರಿಸಿದಂತೆ ನಾಬ್ ಕೂಡ ಕೂದಲೆಳೆಯಷ್ಟು ಮೇಲೇಳುತ್ತದೆ. ಇಳಿಸಿದಂತೆ ಕೆಳಗಿಳಿಯುತ್ತದೆ. ಅಂದರೆ ಎಷ್ಟು ಸುತ್ತಾಯಿತು ಎಂಬ ಲೆಕ್ಕ ನಾಬಿನ ಎತ್ತರದಲ್ಲಿ ಕೂತಿದೆ. ನಾವು ಆ ಎತ್ತರಕ್ಕೆ ನೆಲವೊಂದನ್ನು ಕಟ್ಟಿಕೊಟ್ಟರೆ ಮುಗಿಯಿತು. ಹಿತ್ತಾಳೆ ಬಿಲ್ಲೆ ಆ ನೆಲ. ನಾಬ್ ಇಳಿದು ಇಳಿದು ಬಿಲ್ಲೆಯ ಮೇಲೆ ಕೂತಾಗ ಮುಂದೆ ದಾರಿಯಿಲ್ಲ. ಬೇರೆ ಸುತ್ತುಗಳ ಸೊನ್ನೆಯಲ್ಲಿ ನಾಬ್ ಇನ್ನೂ ಎತ್ತರದಲ್ಲಿರುತ್ತದೆ, ಬಿಲ್ಲೆಗೆ ತಾಗುವುದಿಲ್ಲ.

ಇನ್ನೊಂದು ಅನುಕೂಲವೂ ಇದೆ. ತಿರುಪು ಕೆಳಗಿಳಿಯುವಾಗ ಒಳಗಿನ ಮಸೂರದ ಕೊಳವೆಯನ್ನು ತಾನೇ ಒತ್ತುತ್ತದೆ. ಮೇಲೇರುವಾಗ ಕೊಳವೆಯನ್ನು ಅದರ ಹಿಂದೆ ತಳ್ಳಬೇಕಾದದ್ದು ಎದುರಿನ ಸ್ಪ್ರಿಂಗ್. ಹಳೆಯ ಸ್ಪ್ರಿಂಗ್ ಕೆಲವೊಮ್ಮೆ ತಡವರಿಸುತ್ತದೆ. ತಿರುಪಿನ ಒತ್ತು ತಡವರಿಸುವುದಿಲ್ಲ. ತಡೆಗೆ ಬರುವ ದಾರಿ ಇಳಿಯುವ ದಾರಿಯೇ ಆದ್ದರಿಂದ ತಡೆ ಕೂರುವುದು ಭರವಸೆಯ ಕಡೆಯಲ್ಲೇ.

ಸಾರ ಇಷ್ಟು. ತಿರುಪು ಸುತ್ತನ್ನು ಎತ್ತರವಾಗಿ ಬದಲಿಸುತ್ತದೆ, ಬಿಲ್ಲೆ ಆ ಎತ್ತರವನ್ನು ತಡೆಯುತ್ತದೆ. ಈಗ ಕೂರಿಸುವ ಕ್ರಮಕ್ಕೆ ಬರೋಣ. ಪರವಾನಗಿ ಇರುವವರು, ತಮ್ಮದೇ ರೈಫಲಿಗೆ, ನೆಮ್ಮದಿಯಾಗಿ ಕೂತು ಮಾಡುವ ಕೆಲಸ ಇದು.

ಮೊದಲನೆಯದು, 100 ಗಜದ ಗುರಿಗೆ ರೈಫಲನ್ನು ಚೆನ್ನಾಗಿ ಹೊಂದಿಸಿಕೊಳ್ಳಿ. ಗುಂಡುಗಳು ನೀವು ನೋಡಿದಲ್ಲೇ ಬೀಳಬೇಕು. ಸೊನ್ನೆಯೇ ಸರಿಯಿಲ್ಲದಿದ್ದರೆ ತಡೆ ತಪ್ಪನ್ನೇ ಕಾಯುತ್ತದೆ. ಎರಡನೆಯದು, ರೈಫಲನ್ನು ಖಾಲಿ ಮಾಡಿ. ಬೋಲ್ಟ್ ಹೊರಗೆ ತೆಗೆದು ಪಕ್ಕಕ್ಕಿಡಿ. ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ಎಂದು ಕಣ್ಣಾರೆ ನೋಡಿ. ಆಮೇಲೆ ಮಾತ್ರ ಉಪಕರಣ ಕೈಗೆತ್ತಿಕೊಳ್ಳಿ.

ಮೂರನೆಯದು, ನಾಬಿನ ಬದಿಯಲ್ಲಿ ಎರಡೋ ಮೂರೋ ತೀರ ಸಣ್ಣ ಸ್ಕ್ರೂಗಳಿರುತ್ತವೆ. ಸಣ್ಣ ಅಲೆನ್ ಕೀ ಹಾಕಿ ಅವನ್ನು ಸಡಿಲಿಸಿ. ಪೂರ್ತಿ ತೆಗೆಯಬೇಡಿ, ಬಿದ್ದರೆ ಸಿಗುವುದಿಲ್ಲ. ನಾಬನ್ನು ನೇರವಾಗಿ ಮೇಲಕ್ಕೆ ಎತ್ತಿ. ನಡುವೆ ತಿರುಪಿನ ಕಾಂಡ ನಿಂತಿರುತ್ತದೆ. ಅದನ್ನು ಒಂದು ಕ್ಲಿಕ್ ಕೂಡ ತಿರುಗಿಸಬೇಡಿ. ನಿಮ್ಮ ಸೊನ್ನೆ ಈಗ ಅದರಲ್ಲಿದೆ.

ನಾಲ್ಕನೆಯದು, ಬಿಲ್ಲೆಗಳನ್ನು ಕಾಂಡದ ಸುತ್ತ ಒಂದರ ಮೇಲೊಂದು ಇಳಿಬಿಡಿ. ನಾಬನ್ನು ಮೇಲಿಟ್ಟು ನೋಡಿ. ಬಿಲ್ಲೆ ಹೆಚ್ಚಾದರೆ ನಾಬ್ ತನ್ನ ಜಾಗಕ್ಕೆ ಪೂರ್ತಿ ಕೂರುವುದಿಲ್ಲ. ಒಂದೊಂದೇ ತೆಗೆಯುತ್ತಾ ಬನ್ನಿ. ನಾಬ್ ಪೂರ್ತಿ ಕೂತು, ಬಿಲ್ಲೆಗೆ ಆಗಷ್ಟೇ ತಾಗುವ ಹಂತ ಬರುತ್ತದೆ. ಅಲ್ಲಿಗೆ ನಿಲ್ಲಿಸಿ.

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಒಂದು ಸುತ್ತಿಗೆ ನಾಬ್ ಅರ್ಧ ಮಿಲಿಮೀಟರ್ ಏರುತ್ತದೆ ಎಂದಿಟ್ಟುಕೊಳ್ಳಿ. ಸುತ್ತಿಗೆ 60 ಕ್ಲಿಕ್. ಆಗ ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಬಿಲ್ಲೆ 12 ಕ್ಲಿಕ್ಕಿಗೆ ಸಮ. ಅದರ ಅರ್ಧ ದಪ್ಪದ ಬಿಲ್ಲೆ 6 ಕ್ಲಿಕ್ಕಿಗೆ ಸಮ. ನಾಬ್ ತಾಗುವ ಹಂತ ಸಿಕ್ಕಿದ ಮೇಲೆ ಅಂಥ ಒಂದು ತೆಳು ಬಿಲ್ಲೆಯನ್ನು ತೆಗೆದುಬಿಡಿ. ಆಗ ಸೊನ್ನೆಯ ಕೆಳಗೆ 6 ಕ್ಲಿಕ್ ಜಾಗ ಉಳಿಯುತ್ತದೆ. ಅದು ಯಾಕೆ ಬೇಕು? ಚಳಿ ಬಿಸಿಲು ಬದಲಾದರೆ, ಗುಂಡಿನ ಪೆಟ್ಟಿಗೆ ಬದಲಾದರೆ, ಸೊನ್ನೆ ಒಂದೆರಡು ಕ್ಲಿಕ್ ಆಚೀಚೆ ಹೋಗುತ್ತದೆ. ತಡೆ ಸೊನ್ನೆಗೇ ಅಂಟಿಕೊಂಡಿದ್ದರೆ ಕೆಳಕ್ಕೆ ಸರಿಸಲು ಎಡೆಯೇ ಇರುವುದಿಲ್ಲ. ಬಳಸುವಾಗ ತಡೆ ಸಿಗುವವರೆಗೆ ಇಳಿಸಿ, ಅಲ್ಲಿಂದ ಮೇಲೆ ಬಂದು ಮೊದಲು ಕಾಣುವ ಸೊನ್ನೆಯಲ್ಲಿ ನಿಲ್ಲಿಸಿ. ಅದೇ ನಿಜವಾದ ಸೊನ್ನೆ.

ಐದನೆಯದು, ನಾಬಿನ ಸೊನ್ನೆಯನ್ನು ಕೆಳಗಿನ ಗುರುತಿಗೆ ಸರಿಯಾಗಿ ಹಿಡಿದು ಸ್ಕ್ರೂಗಳನ್ನು ಬಿಗಿಮಾಡಿ. ಒಂದನ್ನೇ ಪೂರ್ತಿ ಬಿಗಿಯಬೇಡಿ. ಒಂದಾದ ಮೇಲೊಂದಕ್ಕೆ ಸ್ವಲ್ಪ ಸ್ವಲ್ಪ ಬಿಗಿ ಕೊಡಿ.

ಕ್ರಮ ಹೇಳಿದ್ದಾಯಿತು. ಹೊಂದಿಸು, ಖಾಲಿ ಮಾಡು, ಎತ್ತು, ಬಿಲ್ಲೆ ಹಾಕು, ಬಿಗಿ ಮಾಡು. ಇನ್ನು ಮಾಡಬಾರದ ನಾಲ್ಕು ಕೆಲಸಗಳಿವೆ.

ಹಿತ್ತಾಳೆಯ ಬದಲು ರಬ್ಬರ್ ಉಂಗುರ ಹಾಕಬೇಡಿ. ರಬ್ಬರ್ ಅದುಮಿದರೆ ಅದುಮಿಕೊಳ್ಳುತ್ತದೆ. ಇವತ್ತು ಒಂದು ಕಡೆ ನಿಂತ ನಾಬ್ ನಾಳೆ ಎರಡು ಕ್ಲಿಕ್ ಆಚೆ ನಿಲ್ಲುತ್ತದೆ. ತಡೆ ಗಟ್ಟಿಯಾಗಿರಬೇಕು. ನಾಬಿನ ಕೆಳಗಿನ ಗೂಡನ್ನು ಬಿಚ್ಚಬೇಡಿ. ಹಲವು ಸ್ಕೋಪುಗಳೊಳಗೆ ಮಂಜು ಕಟ್ಟದಂತೆ ನೈಟ್ರೋಜನ್ ಅನಿಲ ತುಂಬಿ ಮುಚ್ಚಿರುತ್ತಾರೆ. ಗೂಡು ಬಿಚ್ಚಿದರೆ ಅದು ಹೋಗುತ್ತದೆ, ಗಾಜು ಮಸುಕಾಗುತ್ತದೆ. ತಡೆ ಸಿಕ್ಕ ಮೇಲೆ ನಾಬನ್ನು ಬಲವಂತವಾಗಿ ತಿರುಗಿಸಬೇಡಿ. ಸಣ್ಣ ಸ್ಕ್ರೂಗಳು ಕಾಂಡದ ಮೇಲೆ ಜಾರುತ್ತವೆ. ಆಗ ನಾಬ್ ಸೊನ್ನೆ ತೋರಿಸುತ್ತದೆ, ರೈಫಲ್ ಬೇರೆಲ್ಲೋ ನೋಡುತ್ತಿರುತ್ತದೆ. ತಡೆಯೇ ಇಲ್ಲದಿರುವುದಕ್ಕಿಂತ ಅದು ಹೆಚ್ಚು ಅಪಾಯ. ಕೊನೆಯದಾಗಿ, ತಿರುಗಿಸಿದರೂ ಮೇಲೇಳದ ನಾಬಿಗೆ ಈ ಉಪಾಯ ಹಚ್ಚಬೇಡಿ. ಕೆಲವು ಸ್ಕೋಪುಗಳಲ್ಲಿ ತಿರುಪು ಒಳಗೇ ಏರಿಳಿಯುತ್ತದೆ, ನಾಬ್ ನಿಂತ ಎತ್ತರದಲ್ಲೇ ತಿರುಗುತ್ತದೆ. ಅಂಥದ್ದನ್ನು ಬಂದೂಕು ದುರಸ್ತಿ ಬಲ್ಲವರ ಕೈಗೇ ಕೊಡಬೇಕು.

ಮಾಡುವುದು, ಮಾಡಬಾರದ್ದು ಎರಡೂ ಆಯಿತು. ಉಳಿದದ್ದು ಪರೀಕ್ಷೆ. ಪರೀಕ್ಷೆ ಮಾಡದ ತಡೆಯನ್ನು ನಂಬಬೇಡಿ.

ಮೊದಲು ಖಾಲಿ ರೈಫಲಿನಲ್ಲಿ ನೋಡಿ. ನಾಬನ್ನು ಎರಡು ಸುತ್ತು ಏರಿಸಿ. ಕಣ್ಣು ಮುಚ್ಚಿ ಇಳಿಸಿ. ತಡೆ ಸಿಕ್ಕ ಮೇಲೆ 6 ಕ್ಲಿಕ್ ಏರಿಸಿ ಕಣ್ಣು ತೆರೆಯಿರಿ. ಸೊನ್ನೆ ಗುರುತಿನ ಮೇಲೆ ಇರಬೇಕು. ಹಲವು ಸಲ ಮಾಡಿದರೂ ಅಲ್ಲೇ ಇರಬೇಕು. ಆಮೇಲೆ ರೇಂಜಿಗೆ ಹೋಗಿ. 100 ಗಜದಲ್ಲಿ ಎತ್ತರದ ಕಾಗದ ಕಟ್ಟಿ. ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟು ಕಾಗದದ ಮೇಲೆ ನೆಟ್ಟನೆಯ ಗೆರೆ ಎಳೆಯಿರಿ. ಗೆರೆಯ ಬುಡಕ್ಕೆ ಗುರಿಯಿಟ್ಟು ಸೊನ್ನೆಯಲ್ಲಿ ಕೆಲವು ಗುಂಡು ಹೊಡೆಯಿರಿ. ನಾಬನ್ನು 20 ಮಿನಿಟ್ ಏರಿಸಿ, ಅದೇ ಬುಡಕ್ಕೆ ಗುರಿಯಿಟ್ಟು ಹೊಡೆಯಿರಿ. ಗುಂಡುಗಳು ಸುಮಾರು 21 ಅಂಗುಲ ಮೇಲೆ, ಗೆರೆಯ ಮೇಲೆಯೇ ಬೀಳಬೇಕು. ಮತ್ತೆ ತಡೆಯವರೆಗೆ ಇಳಿಸಿ, ಸೊನ್ನೆಗೆ ಬಂದು ಹೊಡೆಯಿರಿ. ಮೊದಲಿನ ತೂತುಗಳ ಜೊತೆಗೇ ಇವೂ ಸೇರಿದರೆ ನಿಮ್ಮ ಕೆಲಸ ಸರಿಯಾಗಿದೆ.

ಕೇಳುಗರೇ, ಈ ತಡೆಯಿಂದ ಗುರಿ ಹೆಚ್ಚು ನಿಖರವಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ನೇರವಾಗಿ ಆಗುವುದಿಲ್ಲ. ಗಾಜು ಅದೇ, ನಳಿಗೆ ಅದೇ, ಕೈಯೂ ಅದೇ. ಬದಲಾಗುವುದು ಗುರಿಕಾರನ ಮನಸ್ಸಿನ ಹೊರೆ. 1000 ಗಜದಲ್ಲಿ ನಿಜವಾದ ಎದುರಾಳಿ ಗಾಳಿ. ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದ ಅಡ್ಡಗಾಳಿ ನಾನು ಹೇಳಿದ ಗುಂಡನ್ನು ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಬಾವುಟ ನೋಡಬೇಕು, ಹುಲ್ಲು ನೋಡಬೇಕು, ಬಿಸಿಗಾಳಿಯ ಅಲೆ ನೋಡಬೇಕು. ಅದಕ್ಕೆ ಯಾವ ಬಿಲ್ಲೆಯೂ ಇಲ್ಲ, ತೀರ್ಮಾನ ಮನುಷ್ಯನದ್ದೇ. ಹಾಗಿರುವಾಗ ಯಾವ ಸುತ್ತಿನಲ್ಲಿದ್ದೇನೆ ಎಂಬ ಚಿಂತೆಗೆ ಅವನ ಗಮನ ಯಾಕೆ ಖರ್ಚಾಗಬೇಕು? ಲೋಹ ಮಾಡಬಲ್ಲ ಕೆಲಸವನ್ನು ಲೋಹಕ್ಕೆ ಬಿಡೋಣ. ಮನುಷ್ಯನೇ ಮಾಡಬೇಕಾದ ಕೆಲಸಕ್ಕೆ ಮನುಷ್ಯನ ಗಮನವನ್ನು ಉಳಿಸೋಣ.

ಹಳೆಯದನ್ನು ಎಸೆದು ಹೊಸದು ಕೊಳ್ಳಿ ಎಂದು ಹೇಳುವುದು ಸುಲಭ. ಒಳ್ಳೆಯ ಗಾಜು, ಸವೆಯದ ತಿರುಪು ಇರುವ ಸ್ಕೋಪನ್ನು ಎಸೆಯಲು ಕಾರಣವಿಲ್ಲ. ಅದಕ್ಕೆ ಬೇಕಿರುವುದು ನಾಲ್ಕಾರು ಬಿಲ್ಲೆ, ಒಂದು ಅಲೆನ್ ಕೀ, ಒಂದು ಸಂಜೆಯ ತಾಳ್ಮೆ. ನಿಮ್ಮಲ್ಲಿ ಅಂಥ ಸ್ಕೋಪ್ ಇದ್ದರೆ ತಡೆ ಹಾಕಿ. ಹಾಕಿದ ಮೇಲೂ ಪ್ರತಿ ಸಲ ರೇಂಜಿಗೆ ಇಳಿಯುವ ಮುನ್ನ ಸ್ಕ್ರೂಗಳ ಬಿಗಿ ನೋಡಿ, ತಡೆಯನ್ನು ಮುಟ್ಟಿ, ಸೊನ್ನೆಯನ್ನು ಓದಿ. ಈ ಮೂರೂ ಆದ ಮೇಲೆ ಮೊದಲ ಗುಂಡು ತುಂಬಿ.